ಕುಲುಮೆ ಅನ್ನೋ ಬ್ರ್ಯಾಂಡು

ನಾನು ಗಾಲ್ಫ್ ಆಡ್ತೀನಿ ಅಂದ್ರೆ ನಮ್ಮೂರಲ್ಲಿ ಈಗಲೂ ನಗ್ತಾರೆ. ನಗಲಿ ಬಿಡಿ. ದೊಡ್ಡಬಳ್ಳಾಪುರ ತಾಲ್ಲೂಕು, ತೂಬಗೆರೆ ಹೋಬಳಿಯ ಒಂದು ಹಳ್ಳಿ ನಮ್ಮದು. ಚಿಕ್ಕವನಿದ್ದಾಗ ಪುಕ್ಕಟೆ ಚಿನ್ನಿದಾಂಡು ಆಡ್ತಿದ್ದವನು ಇಂಜಿನಿಯರ್ ಆದ ಮೇಲೆ ದುಡ್ಡು ಕೊಟ್ಟು ಚಿನ್ನಿದಾಂಡು ಆಡ್ತಾನೆ ಅನ್ನೋದು ನಮ್ಮಪ್ಪನ ತೀರ್ಮಾನ. ಅದನ್ನ ನಾನು ಒಪ್ಪಿಕೊಂಡಿದ್ದೀನಿ.

ಹೋದ ಚಳಿಗಾಲದಲ್ಲಿ ನಮ್ಮ ಹೆಲ್ಸಿಂಕಿ ಆಫೀಸಿಗೆ ಹೋಗಿದ್ದ ಗೆಳೆಯನೊಬ್ಬ ವಾಪಸ್ ಬರೋವಾಗ ಒಂದು ಸೆಟ್ ಐರನ್ಸ್ ತಂದ. ಭಾನುವಾರ ಬೆಳಿಗ್ಗೆ ನನ್ನ ಕರೆದ. ದೇವನಹಳ್ಳಿ ದಾಟಿ ನಂದಿಬೆಟ್ಟದ ಕಡೆ ಹೋಗೋ ದಾರಿ ನಿಮಗೆ ಗೊತ್ತಲ್ಲ, ಈಗ ಅದು ಬರೀ ದ್ರಾಕ್ಷಿ ತೋಟದ ದಾರಿ ಅಲ್ಲ, ಗಾಲ್ಫ್ ದಾರಿಯೂ ಹೌದು. ಪಿ.ಬಿ. ಡೈ ವಿನ್ಯಾಸ ಮಾಡಿದ ಪ್ರೆಸ್ಟೀಜ್ ಗಾಲ್ಫ್‌ಶೈರ್ ಅಲ್ಲೇ ಇರೋದು. ಮಂಜು ಇನ್ನೂ ಬೆಟ್ಟದಿಂದ ಇಳಿದಿರಲಿಲ್ಲ. ಗೆಳೆಯ ಬ್ಯಾಗ್ ಬಿಚ್ಚಿ ಏಳು ಕೋಲು ಸಾಲಾಗಿ ನಿಲ್ಲಿಸಿದ. ತಲೆ ಚಿಕ್ಕದು, ಮೇಲಂಚು ತೆಳು. ಹಿಂದುಗಡೆ ಬ್ರ್ಯಾಂಡಿನ ಹೆಸರು: ಟಕೋಮೊ. ಫಿನ್ಲೆಂಡಿನ ಹೊಸ ಕಂಪನಿ. ಅಂಗಡಿಗಳ ಮೂಲಕ ಮಾರೋದಿಲ್ಲ, ಆಟಗಾರನಿಗೇ ನೇರವಾಗಿ ಕಳಿಸ್ತಾರೆ.

"ಹೆಸರಿನ ಅರ್ಥ ಏನು ಗೊತ್ತಾ?" ಅಂದ. "ಕಬ್ಬಿಣ ಕಾಯಿಸಿ ಬಡಿಯೋ ಜಾಗ ಅಂತೆ."

"ಕುಲುಮೆ," ಅಂದೆ.

"ಹೂಂ, ಅದೇ." ಅವನು ಜಯನಗರದವನು. ಕುಲುಮೆ ಅನ್ನೋ ಪದ ಕೇಳಿದ್ದಾನೆ, ಕುಲುಮೆ ನೋಡಿಲ್ಲ. ನಮ್ಮ ತಾತನದೂ ಒಂದು ಟಕೋಮೊ ಇತ್ತು ಕಣೋ ಅಂತ ಆ ಹೊತ್ತಿಗೆ ಹೇಳಬಹುದಿತ್ತು. ಹೇಳಲಿಲ್ಲ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಊರು ಯಾವುದು ಅಂದ್ರೆ ದೊಡ್ಡಬಳ್ಳಾಪುರ, ಮನೇಲಿ ಏನು ಮಾಡ್ತಾರೆ ಅಂದ್ರೆ ವ್ಯವಸಾಯ. ಅಲ್ಲಿಗೆ ಮುಗೀತು.

ಗಾಲ್ಫ್ ಗೊತ್ತಿಲ್ಲದವರಿಗೆ ಒಂದು ಮಾತು. ಬ್ಯಾಗಲ್ಲಿ ಹೆಚ್ಚೆಂದರೆ 14 ಕೋಲು ಇರಬಹುದು. ದೂರ ಹೊಡೆಯೋಕೆ ದಪ್ಪ ತಲೆಯ ವುಡ್, ಗುಳಿಗೆ ತಳ್ಳೋಕೆ ಪಟರ್, ನಡುವಿನ ಕೆಲಸಕ್ಕೆಲ್ಲ ಐರನ್. ಈ ಐರನ್‌ಗಳಲ್ಲಿ ಎರಡು ಜಾತಿ. ಒಂದು ಎರಕ ಹೊಯ್ದಿದ್ದು. ಮೇಣದ ಮಾದರಿ ಮಾಡಿ, ಅದರ ಮೇಲೆ ಅಚ್ಚು ಕಟ್ಟಿ, ಮೇಣ ಕರಗಿಸಿ, ಕರಗಿದ ಉಕ್ಕು ಸುರಿಯೋದು. ನಮ್ಮ ಪಂಚಲೋಹದ ವಿಗ್ರಹಗಳ ಹಿಂದಿರೋದೂ ಇದೇ ತಂತ್ರ. ಗಾಲ್ಫಿನಲ್ಲಿ ಇದನ್ನ ದೊಡ್ಡದು ಮಾಡಿದವರು ಪಿಂಗ್ ಕಂಪನಿಯ ಕಾರ್ಸ್ಟನ್ ಸೋಲ್ಹೈಮ್. ಇನ್ನೊಂದು ಜಾತಿ ಫೋರ್ಜ್ಡ್, ಅಂದ್ರೆ ಬಡಿದಿದ್ದು. ಉಕ್ಕಿನ ಸರಳನ್ನ ಕೆಂಪಗೆ ಕಾಯಿಸಿ, ಅಚ್ಚಿನ ನಡುವೆ ಇಟ್ಟು, ಭಾರಿ ಸುತ್ತಿಗೆಯಲ್ಲಿ ಹಂತಹಂತವಾಗಿ ಜಜ್ಜಿ ಆಕಾರಕ್ಕೆ ತರೋದು. ಇದಕ್ಕೆ ಬೆಲೆ ಜಾಸ್ತಿ, ಮರ್ಯಾದೆ ಇನ್ನೂ ಜಾಸ್ತಿ. ಗೆಳೆಯ ತಂದಿದ್ದು ಬಡಿದ ಸೆಟ್ಟು, 301 ಸಿಬಿ. ಎಸ್20ಸಿ ಅನ್ನೋ ಮೆತ್ತನೆಯ ಉಕ್ಕು, ಅದರಲ್ಲಿ ಇಂಗಾಲ ಸುಮಾರು ಶೇ 0.2. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಬಡಿದಿದ್ದಕ್ಕೆ ಈ ಮರ್ಯಾದೆ ಎಲ್ಲಿಂದ ಬಂತು? ಸ್ಕಾಟ್ಲೆಂಡಿನಿಂದ. ಆಟ ಅಲ್ಲಿ ಎಷ್ಟು ಹಳೇದು ಅಂದ್ರೆ, 1457ರಲ್ಲೇ ಎರಡನೇ ಜೇಮ್ಸ್ ದೊರೆಯ ಕಾಲದಲ್ಲಿ ಅದಕ್ಕೆ ನಿಷೇಧ ಹೇರಿದ್ದರು. ಹುಡುಗರು ಬಿಲ್ವಿದ್ಯೆ ಬಿಟ್ಟು ಇದಕ್ಕೆ ಬಿದ್ದಿದ್ದರು ಅಂತ. ಆಗಿನ ಕೋಲು ಮುಖ್ಯವಾಗಿ ಮರದ್ದು. ಚೆಂಡು ತೊಗಲಿನದು, ಒಳಗೆ ಹಕ್ಕಿ ಪುಕ್ಕ ತುಂಬಿದ್ದು, ದುಬಾರಿ. ಕಬ್ಬಿಣದ ಒಂದು ತಪ್ಪು ಏಟು ಬಿದ್ರೆ ಹರಿದೇ ಹೋಗೋದು. ಹಾಗಾಗಿ ಗಾಡಿ ಜಾಡಲ್ಲೋ ಕಲ್ಲಿನ ಮಧ್ಯವೋ ಚೆಂಡು ಸಿಕ್ಕಿಹಾಕಿಕೊಂಡಾಗ ಮಾತ್ರ ಕಬ್ಬಿಣದ ಕೋಲು. ಅದನ್ನ ಮಾಡಿಕೊಡ್ತಿದ್ದವನು ಊರ ಕಮ್ಮಾರ. ಬೆಳಿಗ್ಗೆ ಲಾಳ, ಮಧ್ಯಾಹ್ನ ನೇಗಿಲ ಕುಳ, ನಡುವೆ ಯಾರೋ ಸಾಹೇಬರಿಗೆ ಒಂದು ಕೋಲಿನ ತಲೆ.

1848ರ ಸುಮಾರಿಗೆ ಮಲಯ ಕಡೆಯ ಮರದ ಹಾಲಿಂದ ಮಾಡಿದ ಗಟಾಪರ್ಚ ಚೆಂಡು ಬಂತು. ಗಟ್ಟಿ, ಅಗ್ಗ. ಎಷ್ಟು ಕಬ್ಬಿಣದಲ್ಲಿ ಹೊಡೆದರೂ ಹರಿಯಲ್ಲ. ಅಲ್ಲಿಗೆ ಕಮ್ಮಾರರ ಅದೃಷ್ಟ ಖುಲಾಯಿಸಿತು. ಲಾಳ ಬಡಿಯೋದು ಬಿಟ್ಟು ಬರೀ ಗಾಲ್ಫ್ ಕೋಲೇ ಬಡಿಯೋ ಕುಲುಮೆಗಳು ಹುಟ್ಟಿದವು. ಸೇಂಟ್ ಆಂಡ್ರೂಸಿನ ಟಾಮ್ ಸ್ಟೀವರ್ಟ್ ತಾನು ಬಡಿದ ಪ್ರತಿ ತಲೆಯ ಹಿಂದೆ ಒಂದು ಹೊಗೆಕೊಳವೆಯ ಗುರುತು ಒತ್ತುತ್ತಿದ್ದ. ಆ ಗುರುತಿರೋ ಕೋಲುಗಳನ್ನ ಈಗ ಹರಾಜಿನಲ್ಲಿ ಕೊಳ್ತಾರೆ. ನಮ್ಮ ತಾತ ಕುಡುಗೋಲಿನ ಬುಡದಲ್ಲಿ ಮೂರು ಚುಕ್ಕೆ ಹೊಡೀತಿದ್ದ.

ಜಪಾನಿನಲ್ಲೂ ಹೀಗೇ. ಹಿಮೇಜಿ ಹತ್ತಿರದ ಇಚಿಕಾವಾ ಅಂದ್ರೆ ಇವತ್ತು ಬಡಿದ ಐರನ್‌ಗಳ ಊರು, ಕತ್ತಿ ಮತ್ತು ಕೃಷಿ ಉಪಕರಣ ಬಡಿದ ಪರಂಪರೆ ಇರೋ ಸೀಮೆ. ಮಿಯುರಾ ಹೆಸರು ಗಾಲ್ಫ್ ಆಡೋರಿಗೆ ಗೊತ್ತು, ಅವರ ಕೆಲಸ ಆ ಕಡೆಯದೇ. ಅಂದ್ರೆ ಎರಡು ದೇಶದಲ್ಲಿ ಹಳ್ಳಿಯ ಕುಲುಮೆಯಿಂದ ಗಾಲ್ಫ್ ಬ್ಯಾಗಿಗೆ ಒಂದು ದಾರಿ ಇತ್ತು. ಇಲ್ಲಿ ಯಾಕಿರಲಿಲ್ಲ? ಇಲ್ಲಿಗೆ ಗಾಲ್ಫ್ ತಡವಾಗಿ ಬಂತು ಅನ್ನೋ ಹಾಗಿಲ್ಲ. ಕಲ್ಕತ್ತದ ಕ್ಲಬ್ 1829ರದು. ನಮ್ಮ ಹೈಗ್ರೌಂಡ್ಸಿನ ಬೆಂಗಳೂರು ಗಾಲ್ಫ್ ಕ್ಲಬ್ 1876ರದು.

ಉಕ್ಕು ಇರಲಿಲ್ವಾ? ಇಲ್ಲೇ ನನಗೆ ಹೊಟ್ಟೆ ಉರಿಯೋದು.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಗೆದ್ದ ನಾಡಲ್ಲಿ ಏನೇನಿದೆ ಅಂತ ನೋಡಿ ಬರೆಯೋಕೆ ವೆಲ್ಲೆಸ್ಲಿ ಕಳಿಸಿದ್ದು ಫ್ರಾನ್ಸಿಸ್ ಬುಕನನ್ ಅನ್ನೋ ವೈದ್ಯನನ್ನ. 1800ರಲ್ಲಿ ಆತ ನಮ್ಮ ಕಡೆಯೆಲ್ಲ ಓಡಾಡಿದ. ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಬಂತು. ಮಧುಗಿರಿ, ಚನ್ನರಾಯದುರ್ಗದ ಕಡೆ ಮಳೆ ನೀರು ಹರಿದ ಹಳ್ಳಗಳಲ್ಲಿ ಸಿಗೋ ಕಪ್ಪು ಮರಳನ್ನ ಕರಗಿಸಿ ಕಬ್ಬಿಣ ತೆಗೆಯೋದನ್ನ ಬರೆದಿದ್ದಾನೆ. ಮಾಗಡಿ ಕಡೆಯ ಘಟ್ಟಿಪುರದಲ್ಲಿ ಕಬ್ಬಿಣವನ್ನ ಉಕ್ಕು ಮಾಡೋದನ್ನೂ ಬರೆದಿದ್ದಾನೆ. (2007ರಲ್ಲಿ ರಾಮನಗರ ಜಿಲ್ಲೆ ಆಗೋವರೆಗೂ ಮಾಗಡಿ ನಮ್ಮ ಗ್ರಾಮಾಂತರ ಜಿಲ್ಲೆಗೇ ಸೇರಿತ್ತು, ಹಾಗಾಗಿ ನಮ್ಮದು ಅಂತ ಹೇಳಿಕೊಳ್ಳೋ ಹಕ್ಕು ನನಗಿದೆ.) ಮಣ್ಣಿನ ಮೂಸೆ, ಒಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಹಸಿ ಎಲೆ. ಬಾಯಿ ಮುಚ್ಚಿ, ಮಣ್ಣು ಮೆತ್ತಿ, ಇದ್ದಿಲ ಬೆಂಕಿಗೆ ಇಟ್ಟು ತಿದಿ ಒತ್ತೋದು. ತಂಗಡಿ ಅಂದ್ರೆ ಆವರಿಕೆ, ಹಳದಿ ಹೂವಿನದು, ನಮ್ಮೂರಿನ ಕರಾಬು ಜಮೀನಲ್ಲೆಲ್ಲ ಅದೇ. ಆ ಕಡ್ಡಿ ಸುಟ್ಟು ಇಂಗಾಲವಾಗಿ ಕಬ್ಬಿಣದೊಳಗೆ ಸೇರುತ್ತೆ, ಕಬ್ಬಿಣ ಉಕ್ಕಾಗುತ್ತೆ. ನಾನು ಬಿ.ಇ. ಮೊದಲ ವರ್ಷದಲ್ಲಿ ಕಬ್ಬಿಣ-ಇಂಗಾಲದ ನಕ್ಷೆ ಬಾಯಿಪಾಠ ಮಾಡಿ ಪಾಸಾದೆ. ತಂಗಡಿ ಕಡ್ಡಿ ವಿಷಯ ಯಾರೂ ಹೇಳಲಿಲ್ಲ.

ಆ ಉಕ್ಕು ಕಲ್ಲುಕುಟಿಗರ ಉಳಿಗೆ, ಕತ್ತಿಗೆ ಹೋಗ್ತಿತ್ತು. ಚನ್ನಪಟ್ಟಣದಲ್ಲಿ ಉಕ್ಕನ್ನ ತಂತಿ ಎಳೆದು ವಾದ್ಯಗಳಿಗೆ ದೂರದ ಊರುಗಳಿಗೆ ಕಳಿಸ್ತಿದ್ದರು. ಗೊಂಬೆಗಳ ಊರು ಅಂತ ಮಾತ್ರ ನಮಗೆ ಗೊತ್ತು. ವೀಣೆ ತಂತಿಯ ಊರು ಅಂತ ಎಷ್ಟು ಜನಕ್ಕೆ ಗೊತ್ತು? ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪುವಿನ ಸೈನ್ಯದ ರಾಕೆಟ್ಟಿನ ಕೊಳವೆ ಕಬ್ಬಿಣದ್ದು, ಅದೂ ಯಾವುದೋ ಕಮ್ಮಾರ ಬಡಿದಿದ್ದೇ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಒಂದು ಹಾಳು ಬಾವಿಯಿಂದ ಸಾವಿರಕ್ಕಿಂತ ಹೆಚ್ಚು ರಾಕೆಟ್ ಕೊಳವೆ ಸಿಕ್ಕಿದ್ದು ಪೇಪರಲ್ಲಿ ಓದಿರ್ತೀರಿ.

ಇಂಗ್ಲೆಂಡಿನವರು ಈ ಉಕ್ಕಿಗೆ 'ವೂಟ್ಸ್' ಅಂದರು. ನಮ್ಮ 'ಉಕ್ಕು' ಅನ್ನೋ ಪದವೇ ಅವರ ಕಿವಿಯಲ್ಲೋ ಅಚ್ಚಿನ ಮನೆಯಲ್ಲೋ ಹಾಗಾಯ್ತು ಅಂತ ವಿದ್ವಾಂಸರು ಹೇಳ್ತಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಮೇಲೆ ರಾಯಲ್ ಸೊಸೈಟಿಗೆ ಪ್ರಬಂಧ ಬರೆದ. 1819ರಲ್ಲಿ ಮೈಕಲ್ ಫ್ಯಾರಡೆ, ಹೌದು ವಿದ್ಯುತ್ತಿನ ಫ್ಯಾರಡೆಯೇ, ಅದನ್ನ ಪರೀಕ್ಷೆ ಮಾಡಿದ. ಅವನು ಕಮ್ಮಾರನ ಮಗ, ಅಷ್ಟು ಹೇಳಿ ಮುಂದೆ ಹೋಗ್ತೀನಿ. ಈ ಉಕ್ಕಲ್ಲಿ ಇಂಗಾಲ ಶೇ 1.5ರ ಆಸುಪಾಸು. ಗಾಲ್ಫ್ ತಲೆಯ 0.2 ಜೊತೆ ಹೋಲಿಸಿ. ಕತ್ತಿಗೆ ಹೇಳಿ ಮಾಡಿಸಿದ್ದು. ಗಾಲ್ಫಿಗೆ ಬೇಕಾಗಿದ್ದು ಅದಲ್ಲ. ಉಕ್ಕು ಆಗೋಕೆ ಮುಂಚಿನ ಮೆತ್ತನೆ ಕಬ್ಬಿಣ. ಅದೂ ನಮ್ಮಲ್ಲಿತ್ತು.

ಆಮೇಲೆ ಆಗಿದ್ದು ದೊಡ್ಡ ಕಥೆ ಏನಲ್ಲ. ಇಂಗ್ಲೆಂಡಿನ ಅಗ್ಗದ ಸರಳು ಹಡಗಲ್ಲಿ ಬಂತು, ರೈಲು ಬಂದ ಮೇಲೆ ಊರೂರಿಗೂ ಬಂತು. ಕಾಡಿಗೆ ಸರ್ಕಾರದ ಬೇಲಿ ಬಿತ್ತು, ಇದ್ದಿಲು ದುಬಾರಿ ಆಯ್ತು. ಕಪ್ಪು ಮರಳು ಹಳ್ಳದಲ್ಲೇ ಉಳೀತು. 1923ರಲ್ಲಿ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನ ಮತ್ತೆ ಕಬ್ಬಿಣ ಕರಗಿಸಿತು, ಅದೂ ಇದ್ದಿಲಲ್ಲೇ. ಆದರೆ ಅದು ಕಾರ್ಖಾನೆ, ಕುಲುಮೆಯಲ್ಲ. ಹೈಗ್ರೌಂಡ್ಸಿನ ಸಾಹೇಬರ ಕೋಲು ಸ್ಕಾಟ್ಲೆಂಡಿನ ಕಮ್ಮಾರ ಬಡಿದಿದ್ದು, ನಮ್ಮ ಕಮ್ಮಾರನ ಕೈಯಲ್ಲಿದ್ದ ಕಬ್ಬಿಣವೂ ಹಡಗಿನದು.

ನಮ್ಮ ತಾತನ ಕಾಲಕ್ಕೆ ಕರಗಿಸೋ ಮಾತೇ ಇಲ್ಲ. ಕುಡುಗೋಲಿಗೆ ಹಳೇ ಲಾರಿಯ ಪಟ್ಟಿ ತುಂಡು. ಲಾರಿ ಪಟ್ಟಿ ಒಳ್ಳೆ ಉಕ್ಕು ಅಂತ ತಾತನಿಗೆ ಯಾರೂ ಪಾಠ ಮಾಡಿರಲಿಲ್ಲ, ಕೆಂಪು ನೋಡಿ ಹೇಳ್ತಿದ್ದ. ಅಡಿಗಲ್ಲು ಅಂತ ಕರೀತಿದ್ದದ್ದು ಕಲ್ಲಲ್ಲ, ರೈಲು ಕಂಬಿಯ ಒಂದು ತುಂಡು. ಮಳೆಗಾಲಕ್ಕೆ ಮುಂಚೆ ಊರವರೆಲ್ಲ ಕುಳ ಹಣಿಸೋಕೆ ಬರೋರು. ದುಡ್ಡಿಲ್ಲ, ಸುಗ್ಗಿಯಲ್ಲಿ ಕಣದಿಂದ ರಾಗಿ. ನಾನು ತಿದಿ ಒತ್ತಿದ್ದೀನಿ. ಬಡಿದು ಮುಗಿದ ಮೇಲೆ ತಾತ ಕುಡುಗೋಲನ್ನ ಎರಡು ಬೆರಳಲ್ಲಿ ನೇತುಹಾಕಿ ಉಗುರಲ್ಲಿ ಮೀಟಿ ಕಿವಿಗೆ ಹಿಡೀತಿದ್ದ. ಬಿರುಕಿದ್ರೆ ಶಬ್ದ ಬೊದ್ದ. ಇಲ್ದಿದ್ರೆ ಸಣ್ಣಗೆ ಎಳೆಯುತ್ತಾ ಹೋಗೋದು.

ಟ್ರ್ಯಾಕ್ಟರ್ ಬಂತು, ನೇಗಿಲು ಅಟ್ಟಕ್ಕೆ ಹೋಯ್ತು. ಕುಡುಗೋಲು ಸಂತೇಲೇ ಸಿಗೋಕೆ ಶುರುವಾಯ್ತು. 2010ರಲ್ಲಿ, ನನಗೆ ಕೆಲಸ ಸಿಕ್ಕಿದ ಹೊಸದರಲ್ಲಿ, ಕುಲುಮೆ ಜಾಗದಲ್ಲಿ ಬೈಕ್ ನಿಲ್ಲಿಸೋಕೆ ಶೀಟ್ ಹಾಕಿಸಿದೆ. ಅಡಿಗಲ್ಲನ್ನ ಗುಜರಿಯವನಿಗೆ ಕೆ.ಜಿ. ಲೆಕ್ಕದಲ್ಲಿ ಕೊಟ್ಟೆ, ಕೆಟ್ಟ ಪಂಪಿನ ಜೊತೆ. ಮಾರಿದವನು ನಾನೇ, ಬೇರೆ ಯಾರೂ ಅಲ್ಲ. ತಾತ ಜಗಲಿ ಮೇಲೆ ಕೂತು ನೋಡ್ತಿದ್ದ. ಸುತ್ತಿಗೆ ಒಂದು ಇಟ್ಕೋತೀನಿ ಅಂದ, ಅಷ್ಟೇ. ಮುಂದಿನ ವರ್ಷ ಹೋದ.

ಇಷ್ಟೆಲ್ಲ ಆ ಭಾನುವಾರ ತಲೇಲಿ ಇತ್ತು ಅಂದ್ರೆ ಸುಳ್ಳಾಗುತ್ತೆ. ಆಗ ಇದ್ದದ್ದು ಏಳನೇ ನಂಬರಿನ ಐರನ್ ಮತ್ತು ಹತ್ತು ಚೆಂಡು. ನನ್ನದು ಎರಕದ ಸೆಟ್ಟು, ಅಗಲ ತಲೆ, ತಪ್ಪು ಹೊಡೆದರೂ ಕ್ಷಮಿಸುತ್ತೆ. ಈ ಚಿಕ್ಕ ತಲೆ ಕ್ಷಮಿಸಲ್ಲ. ಹತ್ತರಲ್ಲಿ ಏಳು ಏಟು ತಪ್ಪಿದವು. ಒಂದು ತುದಿಗೆ ಬಿದ್ದಿದ್ದು ಮೊಣಕೈವರೆಗೂ ಜುಮ್ ಅಂತು, ಪಿಕಾಸಿ ಬಂಡೆಗೆ ತಾಗಿದ ಹಾಗೆ. ಉಳಿದ ಮೂರು ಮಾತ್ರ ನಡುವಿಗೆ ಸಿಕ್ಕವು. ಅದನ್ನ ಹೇಗೆ ಹೇಳೋದು, ಕೈಗೆ ಏನೂ ತಾಗಲೇ ಇಲ್ಲ, ಚೆಂಡು ಮಾತ್ರ ಇರಲಿಲ್ಲ. ಬಡಿದ ಕಬ್ಬಿಣದ ಸುಖ ಅಂತ ಗಾಲ್ಫ್ ಜನ ಹೇಳೋದು ಇದನ್ನೇ. ಇದು ಕೈಗಿಂತ ಕಿವಿಗೆ ಗೊತ್ತಾಗೋ ಸುಖ ಅಂತ ನನ್ನ ಅನುಮಾನ. ಮೂರನೇ ಸಲ ಆ ಶಬ್ದ ಬಂದಾಗ ನಾನು ಚೆಂಡು ಎಲ್ಲಿ ಬಿತ್ತು ಅಂತ ನೋಡಲಿಲ್ಲ.

ನನ್ನಂಥವನಿಗೆ ಈ ಸೆಟ್ ಬೇಡ, ಇದು ಪ್ರಾಮಾಣಿಕ ಅಭಿಪ್ರಾಯ. ವಾರಕ್ಕೆ ಮೂರು ದಿನ ಅಭ್ಯಾಸ ಮಾಡೋರು ತಗೊಳ್ಳಿ. ಬಿಡದಿ ಗಾಲ್ಫ್ ಮೈದಾನದ ಪಕ್ಕದ ಹಳ್ಳಿ ಹುಡುಗ ಚಿಕ್ಕರಂಗಪ್ಪ ಇದ್ದಾರಲ್ಲ, ಚಿಕ್ಕ ತಲೆಯ ಕೋಲು ಅಂಥವರ ಕೈಗೆ.

ಆದರೂ ಏಳನೇ ನಂಬರ್ ಒಂದನ್ನ ವಾರದ ಮಟ್ಟಿಗೆ ಕೇಳಿ ಇಸ್ಕೊಂಡು ಊರಿಗೆ ಹೋದೆ. ಅಪ್ಪ ಜಗಲಿ ಮೇಲೆ ಕೂತು ತಿರುಗಿಸಿ ತಿರುಗಿಸಿ ನೋಡಿದ. ಕತ್ತಿನ ಹತ್ತಿರ ಹೆಬ್ಬೆರಳು ಎಳೆದ.

"ಬೆಸುಗೆ ಇಲ್ಲ. ಒಂದೇ ತುಂಡಲ್ಲಿ ಬಡಿದವ್ರೆ."

"ಹೂಂ."

"ಬಾಯಿ ನಿಲ್ಲುತ್ತಾ?"

"ಇಲ್ಲ. ಮೆತ್ತನೆ ಕಬ್ಬಿಣ."

"ಹಂಗಾದ್ರೆ ಕೊಯ್ಯಕ್ಕಾಗಲ್ಲ," ಅಂದು ಉಗುರಲ್ಲಿ ಒಂದು ಸಲ ಮೀಟಿ, ಕಿವಿ ಹತ್ತಿರ ಹಿಡಿದು, ವಾಪಸ್ ಕೊಟ್ಟ.

ಮುಂದಿನ ಶನಿವಾರ ಕೋಲು ಹಿಂದಿರುಗಿಸೋವಾಗ ಗೆಳೆಯನಿಗೆ ಎಲ್ಲ ಹೇಳಿದೆ. ತಾತನ ಕುಲುಮೆ, ಮೂರು ಚುಕ್ಕೆ, ಗುಜರಿ. ಆ ಕುಡುಗೋಲು ಇದ್ಯಾ ಅಂತ ಕೇಳಿದ. ಒಂದಿದೆ, ಅಮ್ಮ ಇನ್ನೂ ಹಸುವಿಗೆ ಹುಲ್ಲು ಕೊಯ್ಯೋದು ಅದರಲ್ಲೇ ಅಂದೆ. ಸುಗ್ಗಿಗೆ ಬರ್ತೀನಿ, ತೋರಿಸು ಅಂದ.