2023ರ ಬರ ಪರಿಹಾರ ಮತ್ತು ತೆಂಗಿನ ನಷ್ಟದ ಕಾಲಾವಧಿ: ತಿಪಟೂರು ಸೀಮೆಯನ್ನು ಕುರಿತ ಟಿಪ್ಪಣಿ

1. ವ್ಯಾಪ್ತಿ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು 2023ರ ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲಿದ್ದವು. ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಸರ್ಕಾರ ಆಗ ರೂಪಿಸಿದ ಪರಿಹಾರ ಯೋಜನೆಯನ್ನು ತೆಂಗಿನ ಬೆಳೆಯ ಮಟ್ಟಿಗೆ ಮಾತ್ರ ಇಲ್ಲಿ ಪರಿಶೀಲಿಸಲಾಗಿದೆ. ಕೇಂದ್ರ ಮತ್ತು ರಾಜ್ಯದ ನಡುವಿನ ವ್ಯಾಜ್ಯದ ಸರಿತಪ್ಪು ಇಲ್ಲಿನ ವಿಷಯವಲ್ಲ. ಬೆಳೆನಷ್ಟವನ್ನು ಅಳೆದ ಅವಧಿಗೂ ತೆಂಗಿನಲ್ಲಿ ನಷ್ಟ ಕಾಣಿಸಿಕೊಳ್ಳುವ ಅವಧಿಗೂ ಎಷ್ಟು ಹೊಂದಿಕೆಯಿದೆ ಎಂಬುದಷ್ಟೇ ಪ್ರಶ್ನೆ.

2. ದಿನಾಂಕಗಳು ಮತ್ತು ಮೊತ್ತಗಳು

2023ರ ಮುಂಗಾರಿನಲ್ಲಿ ರಾಜ್ಯದ ಒಟ್ಟು ಮಳೆ ಕೊರತೆ ಸುಮಾರು ಶೇ 25. ಆಗಸ್ಟ್ ತಿಂಗಳೊಂದರ ಕೊರತೆಯೇ ಸುಮಾರು ಶೇ 73.

ಬರಪೀಡಿತ ತಾಲ್ಲೂಕುಗಳ ಸಂಖ್ಯೆ ಒಂದೊಂದು ಬರಹದಲ್ಲಿ ಒಂದೊಂದು ಬಗೆಯಾಗಿ ಕಾಣುತ್ತದೆ. ಸೆಪ್ಟೆಂಬರ್‌ನಲ್ಲಿ 195 (ತೀವ್ರ 161, ಸಾಧಾರಣ 34), ಅಕ್ಟೋಬರ್‌ನಲ್ಲಿ 216 (189 ಮತ್ತು 27), ನವೆಂಬರ್‌ನಲ್ಲಿ 223 (196 ಮತ್ತು 27). ಇವು ಒಂದರ ಮೇಲೊಂದು ಬಂದ ಪಟ್ಟಿಗಳು. ಪರಸ್ಪರ ವಿರುದ್ಧ ಹೇಳಿಕೆಗಳಲ್ಲ.

ರಾಜ್ಯ ಕೇಂದ್ರಕ್ಕೆ ಸಲ್ಲಿಸಿದ ಬೇಡಿಕೆಯ ಮೊತ್ತದಲ್ಲೂ ಇಂಥದೇ ಭೇದವಿದೆ: 4,860.13 ಕೋಟಿ, 17,901.73 ಕೋಟಿ, 18,171.44 ಕೋಟಿ ರೂ. ಕೊನೆಯದರ ವಿಂಗಡಣೆ ಹೀಗಿದೆ: ಇನ್‌ಪುಟ್ ಸಬ್ಸಿಡಿ 4,663.12 ಕೋಟಿ, ಜೀವನಾಧಾರ ಕಳೆದುಕೊಂಡ ಕುಟುಂಬಗಳಿಗೆ ನೆರವು 12,577.86 ಕೋಟಿ, ಕುಡಿಯುವ ನೀರು 566.78 ಕೋಟಿ, ಜಾನುವಾರು ರಕ್ಷಣೆ 363.68 ಕೋಟಿ. ಕುಟುಂಬ ನೆರವಿನ ಬಾಬನ್ನು ಬಿಟ್ಟರೆ ಉಳಿಯುವುದು 5,593.58 ಕೋಟಿ. ಹಾಗಾಗಿ ಮೊದಲ ಮತ್ತು ಕೊನೆಯ ಮೊತ್ತಗಳ ನಡುವಿನ ಅಂತರಕ್ಕೆ ಮುಖ್ಯ ಕಾರಣ ಈ ಒಂದು ಬಾಬು ಎಂದು ತೋರುತ್ತದೆ.

ನವೆಂಬರ್ ಕೊನೆಯಲ್ಲಿ ರಾಜ್ಯ ಸರ್ಕಾರ ಮೊದಲ ಕಂತಾಗಿ ಪ್ರತಿ ರೈತನಿಗೆ ಗರಿಷ್ಠ 2,000 ರೂ. ಘೋಷಿಸಿತು. 2024ರ ಮಾರ್ಚ್‌ನಲ್ಲಿ ಕೇಂದ್ರದ ನೆರವಿಗಾಗಿ ಸಂವಿಧಾನದ 32ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಯಲ್ಲಿ ಕೇಂದ್ರದ ನೆರವು ಬಂತು. ಅದು 3,498.82 ಕೋಟಿ ಎಂದೂ 3,454.22 ಕೋಟಿ ಎಂದೂ ದಾಖಲಾಗಿದೆ. ಮೊದಲನೆಯದು ಮಂಜೂರಾದ ಮೊತ್ತ. ಎರಡನೆಯದು ರಾಜ್ಯ ವಿಪತ್ತು ನಿಧಿಯ ಶಿಲ್ಕಿನ ಬಾಬ್ತು 44.60 ಕೋಟಿ ಕಳೆದ ಮೇಲಿನದು.

3. ದರ

2022–23ರಿಂದ 2025–26ರವರೆಗಿನ ವಿಪತ್ತು ಪರಿಹಾರ ಮಾನದಂಡದಂತೆ ಇನ್‌ಪುಟ್ ಸಬ್ಸಿಡಿ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂ. ನಷ್ಟ ಶೇ 33ಕ್ಕೆ ಕಡಿಮೆಯಿರಬಾರದು. ಮಿತಿ 2 ಹೆಕ್ಟೇರ್. ತೆಂಗು ಮೂರನೆಯ ವರ್ಗಕ್ಕೆ ಸೇರುತ್ತದೆ. ಹೆಕ್ಟೇರಿಗೆ 100 ಮರ ಎಂದು ಹಿಡಿದರೆ ಮರವೊಂದಕ್ಕೆ 225 ರೂ.

ರಾಜ್ಯ ತೋರಿಸಿದ ಬೆಳೆಹಾನಿ 48.19 ಲಕ್ಷ ಹೆಕ್ಟೇರ್. ಇನ್‌ಪುಟ್ ಸಬ್ಸಿಡಿಯ ಬೇಡಿಕೆಯನ್ನು ಇದರಿಂದ ಭಾಗಿಸಿದರೆ ಹೆಕ್ಟೇರಿಗೆ ಸರಾಸರಿ ಸುಮಾರು 9,676 ರೂ. ಬರುತ್ತದೆ. ಇದು ಮಳೆಯಾಶ್ರಿತ ದರಕ್ಕೆ ಸಮೀಪದಲ್ಲಿದೆ. ನೀರಾವರಿ ಬೆಳೆಯ ಪಾಲು ಸೊನ್ನೆ ಎಂದು ಭಾವಿಸಿದರೂ ಬಹುವಾರ್ಷಿಕ ಬೆಳೆಯ ಪಾಲು ಶೇ 8.4ನ್ನು ಮೀರದು. ಎಲ್ಲ ವಿಸ್ತೀರ್ಣವೂ ಸಬ್ಸಿಡಿಗೆ ಅರ್ಹವಾಗಿತ್ತು ಎಂಬ ಊಹೆ ಈ ಲೆಕ್ಕದ ಹಿಂದಿದೆ. 2 ಹೆಕ್ಟೇರ್ ಮಿತಿಯಿಂದ ಅರ್ಹ ವಿಸ್ತೀರ್ಣ ಕುಗ್ಗಿದ್ದರೆ ಸರಾಸರಿಯೂ ಈ ಪಾಲೂ ಏರುತ್ತವೆ. ಇದು ರಾಜ್ಯಮಟ್ಟದ ಲೆಕ್ಕವಾದ್ದರಿಂದ ಮೂರು ತಾಲ್ಲೂಕುಗಳಿಗೆ ನೇರವಾಗಿ ಅನ್ವಯಿಸಲಾಗದು.

4. ತೆಂಗಿನ ಕಾಲಾವಧಿ

2016ರ ಬರ ನಿರ್ವಹಣಾ ಕೈಪಿಡಿ ಮಳೆ ಕೊರತೆ, ಬಿತ್ತನೆಯಾದ ಕ್ಷೇತ್ರ, ಉಪಗ್ರಹದ ಸಸ್ಯ ಸೂಚ್ಯಂಕ, ತೇವಾಂಶ, ಅಂತರ್ಜಲ ಮುಂತಾದವನ್ನು ಆಯಾ ಹಂಗಾಮಿನೊಳಗೇ ಅಳೆಯುತ್ತದೆ. ಮುಂಗಾರಿನ ಘೋಷಣೆಗೆ ಅಕ್ಟೋಬರ್ ಕೊನೆಯ ಗಡುವು. ರಾಗಿಯಂಥ ಒಂದೇ ಹಂಗಾಮಿನ ಬೆಳೆಗೆ ಇದು ಒಪ್ಪುವ ಕ್ರಮ; ತೆಂಗಿಗೆ ಹಾಗಲ್ಲ.

ತೆಂಗಿನ ಹೊಂಬಾಳೆ ಸುಳಿಯೊಳಗೆ ಮೊಳಕೆಯೊಡೆದ ಮೇಲೆ ಬಿರಿಯಲು ಸುಮಾರು 32 ತಿಂಗಳು, ಬಿರಿದ ಮೇಲೆ ಕಾಯಿ ಬಲಿಯಲು ಸುಮಾರು 12 ತಿಂಗಳು ಬೇಕು. ಈ ಸೀಮೆಯ ಉಂಡೆ ಕೊಬ್ಬರಿಗೆ ಕಾಯಿಯನ್ನು ಅಟ್ಟದಲ್ಲಿ ಮತ್ತೆ 8ರಿಂದ 12 ತಿಂಗಳು ಕೂಡಿಡಬೇಕು. ಈ ಅವಧಿಗಳನ್ನು 2023ರ ಆಗಸ್ಟ್‌ಗೆ ಅನ್ವಯಿಸಿದರೆ:

(ಅ) ಆಗ ಬಿರಿದಿದ್ದ ಹೊಂಬಾಳೆಯ ಹರಳು ಉದುರುವುದು ಕೆಲವೇ ತಿಂಗಳಲ್ಲಿ ಕಾಣುತ್ತದೆ. ಉಳಿದ ಕಾಯಿ 2024ರ ಆಗಸ್ಟ್ ಸುಮಾರಿಗೆ ಬಲಿತು, 2025ರಲ್ಲಿ ಕೊಬ್ಬರಿಯಾಗಿ ಪೇಟೆಗೆ ಬರುತ್ತದೆ.

(ಆ) ಆಗ ಸುಳಿಯಲ್ಲಿ ಮೊಳೆತ ಹೊಂಬಾಳೆ ಬಿರಿಯುವುದು 2026ರ ಏಪ್ರಿಲ್ ಸುಮಾರಿಗೆ. ಪರಿಹಾರದ ದರ ನಿಗದಿಪಡಿಸಿದ ಮಾನದಂಡದ ಅವಧಿ ಮುಗಿಯುವುದು 2026ರ ಮಾರ್ಚ್ 31ಕ್ಕೆ.

ಒಣಹವೆಯ ಪರಿಣಾಮ ಇಳುವರಿಯ ಮೇಲೆ ನಾಲ್ಕು ವರ್ಷಗಳವರೆಗೂ ಉಳಿಯಬಹುದು ಎಂಬ ತೋಟಗಾರಿಕಾ ಸಂಶೋಧನೆಯ ಅಭಿಪ್ರಾಯ ಇದಕ್ಕೆ ಪೂರಕವಾಗಿದೆ. ಕೊಳವೆಬಾವಿಯ ನೀರು ಸಿಕ್ಕ ತೋಟದಲ್ಲಿ ಪರಿಣಾಮ ಇದಕ್ಕಿಂತ ಕಡಿಮೆಯಿರಬಹುದು.

5. ಪೇಟೆಯ ಸಾಕ್ಷ್ಯ

2023ರಲ್ಲಿ ಉಂಡೆ ಕೊಬ್ಬರಿಯ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂ. ತಿಪಟೂರು ಎಪಿಎಂಸಿಯ ಧಾರಣೆ ಅದಕ್ಕಿಂತ ಬಹಳ ಕೆಳಗಿತ್ತು. 2025ರಲ್ಲಿ ಅದೇ ಧಾರಣೆ 20,000 ರೂ. ದಾಟಿತು. ಇಳುವರಿ ಕುಸಿತವೇ ಇದಕ್ಕೆ ಕಾರಣ ಎಂಬ ವಿವರಣೆ (ಅ)ದ ಲೆಕ್ಕಕ್ಕೆ ಹೊಂದುತ್ತದೆ. ಹೊಂದುತ್ತದೆ ಎಂಬುದರಿಂದ ಸಾಬೀತಾಯಿತು ಎನ್ನಲಾಗದು. ಬಿಳಿ ನೊಣ, ನುಸಿ, ರಸ ಸೋರುವ ರೋಗ, ಅಣಬೆ ರೋಗ, ಎಳನೀರಿಗೆ ಹೋದ ಕಾಯಿ, 2024ರ ಸೆಪ್ಟೆಂಬರ್‌ನಲ್ಲಿ ಏರಿದ ಖಾದ್ಯತೈಲ ಆಮದು ಸುಂಕ ಇವೆಲ್ಲವೂ ಅದೇ ಕಾಲದಲ್ಲಿ ಕೆಲಸ ಮಾಡಿದವು.

ಗಮನಿಸಬೇಕಾದ ಇನ್ನೊಂದು ಅಂಶ: ಬರ ಘೋಷಣೆಯ ವರ್ಷ ಬೆಳೆಗಾರರ ಸಂಕಟ ಕಂಡದ್ದು ಬೆಲೆಯಲ್ಲಿ. ಇಳುವರಿಯ ನಷ್ಟ ಬಲವಾಗಿ ಕಾಣಬಹುದಾದ ವರ್ಷಗಳಲ್ಲಿ ಏರಿದ ಬೆಲೆ ಅದನ್ನು ಭಾಗಶಃ ಮರೆಮಾಡಿರಬಹುದು.

6. ತಾತ್ಕಾಲಿಕ ನಿರ್ಣಯ

ಮಾನದಂಡ ತೆಂಗಿಗೆ ಅತಿ ಹೆಚ್ಚಿನ ದರವನ್ನೇ ಕೊಟ್ಟಿದೆ. ಕೊರತೆಯಿರುವುದು ದರಕ್ಕಿಂತ ಹೆಚ್ಚಾಗಿ ಅಳತೆಯ ದಿನಾಂಕದಲ್ಲಿ ಎಂಬುದು ಈ ಟಿಪ್ಪಣಿಯ ವಾದ. ಇದನ್ನು ಪರೀಕ್ಷಿಸಬಹುದು. ಬೆಳೆ ಸಮೀಕ್ಷೆಯಲ್ಲಿ ತೆಂಗೆಂದು ದಾಖಲಾದ ಸರ್ವೆ ನಂಬರುಗಳಲ್ಲಿ ಮಳೆಯಾಶ್ರಿತ ಮತ್ತು ನೀರಾವರಿ ತೋಟಗಳನ್ನು ಬೇರ್ಪಡಿಸಿ, ಮರವಾರು ಕಾಯಿ ಎಣಿಕೆಯನ್ನು 2027ರವರೆಗೆ ಮುಂದುವರಿಸಬೇಕು. ಎರಡು ಬಗೆಯ ತೋಟಗಳ ನಡುವಿನ ಅಂತರ 2023–24ರಲ್ಲೇ ಗರಿಷ್ಠವಾಗಿದ್ದು ಆಮೇಲೆ ಕುಗ್ಗಿದ್ದು ಕಂಡುಬಂದರೆ ಇಲ್ಲಿನ ವಾದವನ್ನು ಕೈಬಿಡಬೇಕಾಗುತ್ತದೆ.