ಎಲೀನರ್ ರೂಸ್‌ವೆಲ್ಟ್: ಶ್ವೇತಭವನದ ಹನ್ನೆರಡು ವರ್ಷ

ಅಮೆರಿಕದ ಸಂವಿಧಾನದಲ್ಲಿ ಅಧ್ಯಕ್ಷರ ಪತ್ನಿಯ ಪ್ರಸ್ತಾಪವೇ ಇಲ್ಲ. ಆ ಸ್ಥಾನಕ್ಕೆ ಸಂಬಳವಾಗಲಿ ಅಧಿಕಾರವಾಗಲಿ ಗೊತ್ತುಮಾಡಿಲ್ಲ. ಔತಣಕೂಟಗಳ ಮೇಲ್ವಿಚಾರಣೆ, ಅತಿಥಿಗಳ ಸ್ವಾಗತ, ಒಂದಿಷ್ಟು ದಾನಧರ್ಮ, ಇಷ್ಟನ್ನು ಮಾಡಿದರೆ ‘ಪ್ರಥಮ ಮಹಿಳೆ’ ತನ್ನ ಪಾಲಿನದು ಮಾಡಿದಂತೆ ಎಂದು ಬಹುಕಾಲ ಜನ ತಿಳಿದಿದ್ದರು. 1933ರಿಂದ 1945ರವರೆಗೆ ಶ್ವೇತಭವನದಲ್ಲಿದ್ದ ಎಲೀನರ್ ರೂಸ್‌ವೆಲ್ಟ್ ಆ ತಿಳಿವಳಿಕೆಯನ್ನೇ ಬದಲಿಸಿದರು.

ನ್ಯೂಯಾರ್ಕಿನಲ್ಲಿ 1884ರಲ್ಲಿ ಹುಟ್ಟಿದ ಎಲೀನರ್ ಹತ್ತು ತುಂಬುವುದರೊಳಗೆ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡರು. ದೂರದ ಸಂಬಂಧಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಜೊತೆ 1905ರಲ್ಲಿ ಮದುವೆಯಾಯಿತು. ಅವರನ್ನು ಧಾರೆಯೆರೆದು ಕೊಟ್ಟವರು ಆಗ ಅಧ್ಯಕ್ಷರಾಗಿದ್ದ ದೊಡ್ಡಪ್ಪ ಥಿಯೋಡೋರ್ ರೂಸ್‌ವೆಲ್ಟ್. 1921ರಲ್ಲಿ ಪೋಲಿಯೊ ತಗುಲಿ ಫ್ರಾಂಕ್ಲಿನ್ನರ ಕಾಲುಗಳು ಸ್ವಾಧೀನ ತಪ್ಪಿದವು. ರಾಜಕೀಯದಲ್ಲಿ ಗಂಡನ ಹೆಸರು ಮರೆಯಾಗದಂತೆ ಸಭೆಗಳಿಗೆ ಹೋಗಿ ಮಾತನಾಡುವ ಹೊಣೆ ಎಲೀನರ್ ಮೇಲೆ ಬಿತ್ತು. ಫ್ರಾಂಕ್ಲಿನ್ ನ್ಯೂಯಾರ್ಕಿನ ಗವರ್ನರ್ ಆದಮೇಲೆ ಸರ್ಕಾರಿ ಆಸ್ಪತ್ರೆ, ಆಶ್ರಮಗಳ ಒಳಹೊಕ್ಕು ನೋಡುತ್ತಿದ್ದವರೂ ಇವರೇ. ಊಟದ ಪಟ್ಟಿ ನೋಡಿ ಬಂದರೆ ಸಾಲದು, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ಒಳಗೇನು ಬೇಯುತ್ತಿದೆ ನೋಡಬೇಕು, ಮಂಚಗಳು ಎಷ್ಟು ಒತ್ತೊತ್ತಾಗಿವೆ ಗಮನಿಸಬೇಕು ಎಂದು ಗಂಡ ಕಲಿಸಿಕೊಟ್ಟರು. ಮುಂದೆ ದೇಶವನ್ನೆಲ್ಲ ಸುತ್ತುವಾಗ ನೆರವಿಗೆ ಬಂದದ್ದು ಈ ಪಾಠವೇ.

1933ರ ಮಾರ್ಚ್ 6ರಂದು, ಗಂಡ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡ ಎರಡೇ ದಿನಕ್ಕೆ, ಎಲೀನರ್ ತಮ್ಮದೇ ಪತ್ರಿಕಾಗೋಷ್ಠಿ ಕರೆದರು. ಪ್ರವೇಶ ಹೆಂಗಸರಿಗೆ ಮಾತ್ರ. ಆರ್ಥಿಕ ಕುಸಿತದಿಂದ ಪತ್ರಿಕೆಗಳು ಕೆಲಸಗಾರರನ್ನು ಮನೆಗೆ ಕಳಿಸುತ್ತಿದ್ದ ಹೊತ್ತದು. ಶ್ವೇತಭವನದ ಸುದ್ದಿ ಬೇಕಿದ್ದರೆ ಒಬ್ಬ ವರದಿಗಾರ್ತಿಯನ್ನಾದರೂ ಇಟ್ಟುಕೊಳ್ಳಲೇಬೇಕಾಯಿತು. ಹನ್ನೆರಡು ವರ್ಷಗಳಲ್ಲಿ ಇಂಥ ಸುಮಾರು 350 ಗೋಷ್ಠಿಗಳು ನಡೆದವು. ಒಂದು ನಿಯಮದಿಂದ ವರದಿಗಾರ್ತಿಯರ ಕೆಲಸ ಉಳಿಸಿದ ಜಾಣತನ ಮೆಚ್ಚಲೇಬೇಕಾದದ್ದು. 1935ರ ಡಿಸೆಂಬರ್‌ನಲ್ಲಿ ‘ಮೈ ಡೇ’ ಅಂಕಣ ಶುರುವಾಯಿತು. ವಾರಕ್ಕೆ ಆರು ದಿನ ಪ್ರಕಟವಾಗುತ್ತಿದ್ದ ಅದನ್ನು ಶ್ವೇತಭವನ ಬಿಟ್ಟಮೇಲೂ ನಿಲ್ಲಿಸದೆ 1962ರವರೆಗೆ ಬರೆದರು.

ವರ್ಣಭೇದದ ವಿಷಯದಲ್ಲಿ ಎಲೀನರ್ ಗಂಡನಿಗಿಂತ ಬಹಳ ಮುಂದಿದ್ದರು. 1938ರಲ್ಲಿ ಅಲಬಾಮದ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಕರಿಯರೂ ಬಿಳಿಯರೂ ಬೇರೆ ಬೇರೆ ಕೂರಬೇಕೆಂದು ಪೊಲೀಸರು ತಾಕೀತು ಮಾಡಿದಾಗ, ಅವರು ತಮ್ಮ ಕುರ್ಚಿಯನ್ನು ಎರಡೂ ಗುಂಪುಗಳ ನಡುವಿನ ದಾರಿಗೆ ಹಾಕಿಸಿಕೊಂಡು ಕುಳಿತರು. ಮರುವರ್ಷ, ಮರಿಯನ್ ಆಂಡರ್ಸನ್ ಎಂಬ ಕರಿಯ ಗಾಯಕಿಗೆ ವಾಷಿಂಗ್ಟನ್ನಿನ ಕಾನ್‌ಸ್ಟಿಟ್ಯೂಷನ್ ಹಾಲ್ ಕೊಡಲು ಅದರ ಒಡೆತನದ ಮಹಿಳಾ ಸಂಘ ಒಪ್ಪದಿದ್ದಾಗ ಆ ಸಂಘಕ್ಕೆ ರಾಜೀನಾಮೆ ಕೊಟ್ಟರು. ಕೊನೆಗೆ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಡೆದ ಆಂಡರ್ಸನ್ ಅವರ ಸಂಗೀತ ಕಛೇರಿಗೆ ಸುಮಾರು 75,000 ಜನ ಸೇರಿದರು.

ಆದರೆ ಪತ್ನಿಯ ಮಾತು ಎಲ್ಲಿಯವರೆಗೆ ನಡೆಯುತ್ತದೆ ಎಂಬುದಕ್ಕೆ ಮಿತಿಯಿತ್ತು. ಕರಿಯರನ್ನು ಗುಂಪುಗೂಡಿ ಕೊಲ್ಲುವುದರ ವಿರುದ್ಧದ ಮಸೂದೆಯನ್ನು ಬೆಂಬಲಿಸುವಂತೆ ಎಷ್ಟು ಒತ್ತಾಯಿಸಿದರೂ, ದಕ್ಷಿಣದ ಸೆನೆಟರ್‌ಗಳನ್ನು ಎದುರುಹಾಕಿಕೊಳ್ಳಲು ಅಧ್ಯಕ್ಷರು ಸಿದ್ಧರಿರಲಿಲ್ಲ. 1942ರಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಶಿಬಿರಗಳಿಗೆ ತಳ್ಳಿದ್ದು ಎಲೀನರ್‌ಗೆ ಒಪ್ಪಿಗೆಯಿರಲಿಲ್ಲ. ಬಹಿರಂಗವಾಗಿ ಮಾತ್ರ ಸರ್ಕಾರದ ನಿರ್ಧಾರವನ್ನು ವಿರೋಧಿಸಲಿಲ್ಲ. ಅವರ ಬದುಕಿನಲ್ಲಿ ಮನಸ್ಸಿಗೆ ತೀರ ನೋವಾಗುವ ಸಂಗತಿ ಇದು.

1945ರ ಏಪ್ರಿಲ್‌ನಲ್ಲಿ ಫ್ರಾಂಕ್ಲಿನ್ ತೀರಿಕೊಂಡರು. ಹೊಸ ಅಧ್ಯಕ್ಷ ಟ್ರೂಮನ್ ಅದೇ ವರ್ಷದ ಕೊನೆಯಲ್ಲಿ ಎಲೀನರ್ ಅವರನ್ನು ವಿಶ್ವಸಂಸ್ಥೆಯ ನಿಯೋಗಕ್ಕೆ ನೇಮಿಸಿದರು. ಮಾನವ ಹಕ್ಕುಗಳ ಆಯೋಗಕ್ಕೆ ಅವರೇ ಅಧ್ಯಕ್ಷೆಯಾದರು. ಆ ಆಯೋಗ ಸಿದ್ಧಪಡಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಮೊದಲ ವಿಧಿಯಲ್ಲಿ ‘ಎಲ್ಲ ಪುರುಷರು’ ಎಂದಿದ್ದುದನ್ನು ‘ಎಲ್ಲ ಮಾನವರು’ ಎಂದು ಮಾಡಿಸಲು ಪಟ್ಟುಹಿಡಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಘೋಷಣೆ 1948ರ ಡಿಸೆಂಬರ್ 10ರಂದು ಪ್ಯಾರಿಸ್‌ನಲ್ಲಿ ಅಂಗೀಕಾರವಾಯಿತು.

ಎಲೀನರ್ 1962ರ ನವೆಂಬರ್ 7ರಂದು ನಿಧನರಾದರು. ಅಧ್ಯಕ್ಷರ ಕೆಲಸಕ್ಕೆ ನೆರವಾಗುವ ಪತ್ನಿ ಅಥವಾ ಪತಿಗೆ ಸರ್ಕಾರಿ ಸಿಬ್ಬಂದಿ ಒದಗಿಸಬಹುದೆಂದು ಕಾನೂನಿನಲ್ಲಿ ಬರೆದದ್ದು 1978ರಲ್ಲಿ. ಸಂಬಳ ಇಂದಿಗೂ ಇಲ್ಲ.