ಹಸಿರುಮನೆ ಪರಿಣಾಮ

ಭೂಮಿ ಹೊರಸೂಸುವ ಶಾಖವನ್ನು ವಾಯುಮಂಡಲದ ಕೆಲವು ಅನಿಲಗಳು ಹೀರಿಕೊಂಡು, ಅದರಲ್ಲಿ ಒಂದು ಪಾಲನ್ನು ನೆಲದತ್ತ ಮರಳಿಸುವ ಪ್ರಕ್ರಿಯೆ. ಭೂಮಿಯ ಸರಾಸರಿ ಉಷ್ಣತೆ ಸುಮಾರು 15° ಸೆ. ಈ ಅನಿಲಗಳಿಲ್ಲದಿದ್ದರೆ ಅದು -18° ಸೆ. ಆಸುಪಾಸಿಗೆ ಇಳಿದು ಕಡಲೂ ಹೆಪ್ಪುಗಟ್ಟುತ್ತಿತ್ತು.

ಅನಿಲಕ್ಕೆ ಶಾಖ ಮುಟ್ಟುವ ಎರಡು ಬಗೆಗಳನ್ನು ಇಲ್ಲಿ ಬೇರೆಬೇರೆಯಾಗಿ ನೋಡಬೇಕು. ಕಾದ ನೆಲವನ್ನು ಸೋಕಿದ ಗಾಳಿಯ ಅಣುಗಳ ಓಟ ಚುರುಕಾಗುತ್ತದೆ. ಗಾಳಿ ಹಿಗ್ಗಿ, ಹಗುರಾಗಿ ಮೇಲೇರುತ್ತದೆ. ಒತ್ತಡ ಬದಲಾಗದಿದ್ದರೆ ಯಾವ ಅನಿಲವಾದರೂ ಒಂದು ಡಿಗ್ರಿ ಸೆಲ್ಸಿಯಸ್‌ಗೆ, 0° ಯಲ್ಲಿದ್ದ ಗಾತ್ರದ ಸುಮಾರು 1/273 ಭಾಗದಷ್ಟು ಹಿಗ್ಗುತ್ತದೆ. ವಿಕಿರಣದ ವಿಷಯದಲ್ಲಿ ಈ ಸಮಾನತೆ ಇಲ್ಲ. ನೆಲ ಸೂಸುವ ಅವಕೆಂಪು ಕಿರಣಗಳು, ಒಣಗಾಳಿಯ 99%ರಷ್ಟಿರುವ ನೈಟ್ರೊಜನ್ ಮತ್ತು ಆಕ್ಸಿಜನ್‌ಗಳನ್ನು ಹಾದು ಹೋಗಿಬಿಡುತ್ತವೆ. ಒಂದೇ ಜಾತಿಯ ಎರಡು ಪರಮಾಣುಗಳ ಆ ಅಣುಗಳಿಗೆ ಅವನ್ನು ಹಿಡಿಯುವ ಶಕ್ತಿ ಇಲ್ಲ. ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್‌ಗಳ ಅಣುಗಳಾದರೋ ಬಾಗಿ ಬಳುಕಿ ಕಂಪಿಸುತ್ತ ಕಿರಣಗಳನ್ನು ಹೀರುತ್ತವೆ, ಅಕ್ಕಪಕ್ಕದ ಅಣುಗಳಿಗೆ ಢಿಕ್ಕಿಯಾಗಿ ಗಾಳಿಯನ್ನೇ ಬಿಸಿಮಾಡುತ್ತವೆ, ಎಲ್ಲ ದಿಕ್ಕಿಗೂ ಶಾಖ ಸೂಸುತ್ತವೆ. ಬಯಲುಸೀಮೆಯಲ್ಲಿ ಮಾಗಿಯ ತಿಳಿಯಾದ ರಾತ್ರಿ ಮೈ ಕೊರೆಯುವುದು ಗಾಳಿಯಲ್ಲಿ ನೀರಾವಿ ಕಡಿಮೆಯಾಗಿ, ಮೋಡವೂ ಇಲ್ಲದೆ, ನೆಲದ ಶಾಖ ಸಲೀಸಾಗಿ ಬಾನಿಗೆ ಹೋಗುವುದರಿಂದ.

'ಹಸಿರುಮನೆ' ಎಂಬ ಹೆಸರು ಪೂರ್ತಿ ಒಪ್ಪುವುದಲ್ಲ. ಗಾಜಿನ ಮನೆ ಬೆಚ್ಚಗಿರುವುದು ಮುಖ್ಯವಾಗಿ ಕಾದ ಗಾಳಿ ಮೇಲೇರಿ ಹೊರಹೋಗಲಾರದೆ ಒಳಗೇ ಉಳಿಯುವುದರಿಂದ.

ಅಮೆರಿಕದ ಯೂನಿಸ್ ಫೂಟ್ ಗಾಜಿನ ಕೊಳವೆಗಳಲ್ಲಿ ಬೇರೆಬೇರೆ ಅನಿಲ ತುಂಬಿ, ಉಷ್ಣಮಾಪಕ ಇಳಿಸಿ ಬಿಸಿಲಿಗಿಟ್ಟರು. ಇಂಗಾಲದ ಡೈಆಕ್ಸೈಡ್ ಇದ್ದ ಕೊಳವೆ ಎಲ್ಲಕ್ಕಿಂತ ಹೆಚ್ಚಾಗಿ, ಸುಮಾರು 52° ಸೆ.ವರೆಗೆ ಕಾಯಿತು, ನೆರಳಿಗೆ ತಂದ ಮೇಲೂ ಬಹಳ ಹೊತ್ತು ಆರಲಿಲ್ಲ. ಹಿಂದೊಮ್ಮೆ ವಾಯುಮಂಡಲದಲ್ಲಿ ಈ ಅನಿಲ ಹೆಚ್ಚಿದ್ದರೆ ಭೂಮಿ ಇನ್ನೂ ಬಿಸಿಯಾಗಿದ್ದಿರಬೇಕೆಂದು ಅವರು ಬರೆದರು. 1856ರಲ್ಲಿ ಆಲ್ಬನಿಯ ವಿಜ್ಞಾನ ಸಮ್ಮೇಳನದಲ್ಲಿ ಅವರ ಪ್ರಬಂಧವನ್ನು ಓದಿದ್ದು ಜೋಸೆಫ್ ಹೆನ್ರಿ. ಅಷ್ಟು ಸರಳ ಸಲಕರಣೆಯಿಂದ ಅಷ್ಟು ದೂರ ಕಂಡವರ ಹೆಸರು ಒಂದೂವರೆ ಶತಮಾನ ಮರೆಯಾಗಿದ್ದುದು ವಿಜ್ಞಾನದ ಇತಿಹಾಸಕ್ಕೆ ದೊಡ್ಡ ಕೊರತೆ. ಆದರೆ ಬಿಸಿಲಿನ ಶಾಖವನ್ನೂ ನೆಲದ ಶಾಖವನ್ನೂ ಬೇರ್ಪಡಿಸಲು ಆ ಪ್ರಯೋಗಕ್ಕೆ ಆಗಿರಲಿಲ್ಲ. ಅವಕೆಂಪು ಕಿರಣಗಳನ್ನು ಅನಿಲಗಳು ಹೀರುವುದನ್ನು 1859ರಲ್ಲಿ ಲಂಡನ್ನಿನಲ್ಲಿ ಅಳೆದವರು ಜಾನ್ ಟಿಂಡಲ್.

ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 ಇಂಗಾಲದ ಡೈಆಕ್ಸೈಡಿನವು. 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಚಾರ್ಲ್ಸ್ ಕೀಲಿಂಗ್ ಅಳೆಯತೊಡಗಿದಾಗ ಸುಮಾರು 315. ಈಗ 420ನ್ನು ದಾಟಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7% ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಆ ನೀರಾವಿಯೂ ಶಾಖ ಹೀರುವುದರಿಂದ ಬಿಸಿ ಮತ್ತಷ್ಟು ಏರುತ್ತದೆ.

ಈ ಬಿಸಿಯೇರಿಕೆಗೆ ಸೂರ್ಯ ಪ್ರಖರನಾದುದೇ ಕಾರಣವಾಗಿದ್ದರೆ ವಾಯುಮಂಡಲ ಮೇಲಿಂದ ಕೆಳಗಿನವರೆಗೂ ಬಿಸಿಯಾಗಬೇಕಿತ್ತು. ಅಳತೆಗಳು ತೋರಿಸುವುದು ಬೇರೆ: ಕೆಳಪದರ ಕಾಯುತ್ತಿದ್ದರೆ ಅದರ ಮೇಲಿನ ಸ್ತರಗೋಳ ತಣ್ಣಗಾಗುತ್ತಿದೆ.